ರಾಜಾಸೀಟಿನ ದುರ್ಬೀನು

ನಾನು ಒಂದು ದುರ್ಬೀನು. ಹಿತ್ತಾಳೆಯ ಮೈ, ಒಂದರೊಳಗೊಂದು ಸರಿಯುವ ಮೂರು ಕೊಳವೆ, ಎರಡು ತುದಿಗೂ ಗಾಜು. ಎಳೆದರೆ ತೋಳುದ್ದ ಆಗುತ್ತೇನೆ, ಒತ್ತಿದರೆ ಗೇಣುದ್ದಕ್ಕೆ ಮುದುಡಿಕೊಳ್ಳುತ್ತೇನೆ. ಹುಟ್ಟಿದ್ದು ಸಮುದ್ರದಾಚೆ. ಯಾವ ಊರೆಂದು ಈಗ ನೆನಪಿಲ್ಲ. ನೆನಪಿರುವುದು ಒಬ್ಬ ಮುದುಕನ ಹೆಬ್ಬೆರಳು ಮಾತ್ರ. ಅವನು ನನ್ನ ಗಾಜನ್ನು ದಿನಗಟ್ಟಲೆ ಉಜ್ಜುತ್ತಿದ್ದ, ಬೆಳಕಿಗೆ ಹಿಡಿದು ನೋಡುತ್ತಿದ್ದ, ಮೂಗು ಮುರಿದು ಮತ್ತೆ ಉಜ್ಜುತ್ತಿದ್ದ. ಕೊನೆಗೊಂದು ದಿನ ನನ್ನನ್ನು ಕಿಟಕಿಗೆ ಹಿಡಿದು, ದೂರದ ಗೋಪುರದ ಗಡಿಯಾರದಲ್ಲಿ ಗಂಟೆ ಎಷ್ಟೆಂದು ಓದಿ, ಸರಿ ಎಂಬಂತೆ ತಲೆಯಾಡಿಸಿದ. ಅಂದೇ ನನಗೆ ಜಂಬ ಹತ್ತಿತು. ದೂರದ್ದನ್ನು ಹತ್ತಿರ ತರುವವನು ನಾನು, ನನ್ನಂಥವನು ಇನ್ನೊಬ್ಬನಿಲ್ಲ ಎಂದುಕೊಂಡೆ. ಆ ಜಂಬ ಪೂರ್ತಿ ಇಳಿಯಲು ನೂರು ವರ್ಷ ಹಿಡಿಯಿತು. ಅದು ಹೇಗೆ ಇಳಿಯಿತು ಎಂಬುದನ್ನೇ ಹೇಳುತ್ತೇನೆ.

ಹಡಗು ಹತ್ತಿ ಬಂದವನು ಮಡಿಕೇರಿಯ ಹತ್ತಿರದ ಒಂದು ಕಾಫಿ ತೋಟದ ದೊರೆಯ ಕೈ ಸೇರಿದೆ. ಆ ದೊರೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಆಳುಗಳಲ್ಲಿ ಯಾರು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತರು ಎಂದು ನನ್ನ ಮೂಲಕ ನೋಡುತ್ತಿದ್ದ. ಅವನ ತರುವಾಯ ಅವನ ಮಗನೂ ಅದನ್ನೇ ಮಾಡಿದ. ಆ ದಿನಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕಡೆಗೆ ಮಗ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಮಾರಾಟಕ್ಕಿಟ್ಟ. ಪಿಂಗಾಣಿ ತಟ್ಟೆ, ಜಿಂಕೆಯ ಕೋಡು, ಒಂದು ಕಾಲು ಮುರಿದ ಪಿಯಾನೊ, ಇವುಗಳ ನಡುವೆ ನಾನು. ಅಲ್ಲಿಗೆ ಕೊಡೆ ಹಿಡಿದು ಬಂದ ಸಣಕಲು ಮನುಷ್ಯರೊಬ್ಬರು ನನ್ನನ್ನು ಎತ್ತಿ ಕಣ್ಣಿಗೆ ಹಿಡಿದರು, ಆಮೇಲೆ ಕೆಳಗಿಡಲೇ ಇಲ್ಲ.

ಅವರೇ ಶಾಮರಾಯರು. ಮಡಿಕೇರಿಯ ಸರ್ವೆ ಕಚೇರಿಯಲ್ಲಿ ನಕಾಶೆ ಬರೆಯುವವರು. ದಿನವಿಡೀ ಬೆಟ್ಟಗಳನ್ನು ಕಾಗದದ ಮೇಲೆ ಗೆರೆಯಾಗಿ ಎಳೆದವರಿಗೆ ಸಂಜೆ ಅದೇ ಬೆಟ್ಟಗಳನ್ನು ಕಣ್ಣಾರೆ ನೋಡುವ ಚಪಲ. ನನ್ನನ್ನು ಎತ್ತಿಕೊಂಡು ರಾಜಾಸೀಟಿಗೆ ಹೊರಡುತ್ತಿದ್ದರು. ರಾಜಾಸೀಟು ಎಂದರೆ ಊರಿನ ಅಂಚು. ಅದರಾಚೆ ನೆಲ ದಿಢೀರನೆ ಇಳಿದು ಕಣಿವೆ, ಕಣಿವೆಯಾಚೆ ಎದುರು ಗುಡ್ಡ, ಗುಡ್ಡದಾಚೆ ಗುಡ್ಡ. ಶಾಮರಾಯರ ಹೆಂಡತಿ ಬೇಗ ತೀರಿಕೊಂಡಿದ್ದರು. ಮಕ್ಕಳಿಬ್ಬರು. ದೊಡ್ಡವನು ವಾಮನ, ಹಾಕಿ ಸ್ಟಿಕ್ಕು ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿಯದವನು. ಅವನಿಗಿಂತ ಐದು ವರ್ಷಕ್ಕೆ ಚಿಕ್ಕವಳು ಸುಗುಣ. ನನಗೆ ಅಂಟಿಕೊಂಡವಳು ಅವಳು. ಎದುರು ಗುಡ್ಡದಲ್ಲಿ ಯಾರ ಮನೆಯ ದನ ಯಾರ ಗದ್ದೆಗೆ ನುಗ್ಗಿತು ಎಂಬ ಸುದ್ದಿ ಮಡಿಕೇರಿಗೆ ಮೊದಲು ಮುಟ್ಟುತ್ತಿದ್ದುದು ಅವಳಿಂದಲೇ. ನೋಡಿ ಮುಗಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ನನ್ನ ಗಾಜನ್ನು ಒರೆಸುತ್ತಿದ್ದಳು, ಎಷ್ಟು ಮೆತ್ತಗೆ ಅಂದರೆ ನನಗೆ ನಿದ್ದೆ ಬರುತ್ತಿತ್ತು. ಶಾಮರಾಯರು ಇದನ್ನು ನೋಡಿ ಒಮ್ಮೆ ಎಲ್ಲರ ಎದುರಿಗೇ, "ನನ್ನ ನಂತರ ಈ ದುರ್ಬೀನು ಸುಗುಣಳಿಗೆ" ಎಂದರು. ವಾಮನ, "ಅವಳೇ ಇಟ್ಕೊಳ್ಳಲಿ, ನನಗೆ ಯಾಕೆ?" ಎಂದು ನಕ್ಕ. ಆ ನಗುವಿನಲ್ಲಿ ಕಪಟ ಇರಲಿಲ್ಲ. ಅಣ್ಣ ತಂಗಿ ಅಷ್ಟು ಚೆನ್ನಾಗಿದ್ದರು.

ಸುಗುಣಳನ್ನು ಮದುವೆ ಮಾಡಿಕೊಟ್ಟಿದ್ದು ಎದುರು ಗುಡ್ಡದ ಮನೆಗೇ. ಕೆಂಪು ಹೆಂಚು, ಮುಂದೆ ಒಂದು ಚೌಕದ ಅಂಗಳ, ಅಂಗಳದ ಮೂಲೆಯಲ್ಲಿ ಕಿತ್ತಳೆ ಗಿಡ. ರಾಜಾಸೀಟಿನಿಂದ ಬರಿಗಣ್ಣಿಗೆ ಅದು ಕೆಂಪು ಚುಕ್ಕೆ. ನನ್ನ ಕಣ್ಣಿಗೆ ಕಿತ್ತಳೆ ಗಿಡದ ಬುಡದಲ್ಲಿ ಕೂತ ಕೋಳಿಯೂ ಕಾಣುತ್ತಿತ್ತು. ಅಪ್ಪ ಮಗಳು ತಮ್ಮ ತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರು ರಾಜಾಸೀಟಿನಲ್ಲಿ ನಿಲ್ಲುವುದು, ಅದೇ ಹೊತ್ತಿಗೆ ಅವಳು ಅಂಗಳಕ್ಕೆ ಬಂದು ಈ ಕಡೆ ಮುಖ ಮಾಡಿ ನಿಲ್ಲುವುದು. ಅವಳಿಗೆ ಅಪ್ಪ ಕಾಣುತ್ತಿರಲಿಲ್ಲ. ಆದರೂ ನಿಲ್ಲುತ್ತಿದ್ದಳು. ಶಾಮರಾಯರು, "ನಿಂತಿದ್ದಾಳೆ, ಚೆನ್ನಾಗಿದ್ದಾಳೆ" ಎಂದು ತಮಗೆ ತಾವೇ ಹೇಳಿಕೊಂಡು ಮನೆಗೆ ಬಂದು ತಿಂಡಿ ತಿನ್ನುತ್ತಿದ್ದರು. ಹಬ್ಬಕ್ಕೆ ಅವಳು ಬರುತ್ತಿದ್ದಳು, ಇವರೂ ಹೋಗುತ್ತಿದ್ದರು. ನಡುವಿನ ದಿನಗಳಿಗೆ ಮಾತ್ರ ನಾನು ಇದ್ದೆ.

ಒಂದು ಚಳಿಗಾಲ ಶಾಮರಾಯರಿಗೆ ಎದೆನೋವು ಬಂತು, ಮೂರು ದಿನಕ್ಕೆಲ್ಲ ಹೊರಟುಹೋದರು. ಹದಿಮೂರನೆಯ ದಿನ ಮನೆ ತುಂಬ ನೆಂಟರು. ಅವತ್ತು ಹೋಳಿಗೆ ಊಟ. ಆ ಸಿಹಿ ಉಂಡ ಮೇಲೆ ಸೂತಕ ಕಳೆದು ಮನೆ ಮತ್ತೆ ಶುಭಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಆ ಕಡೆಯ ರೂಢಿ. ಗಂಡಸರ ಪಂಕ್ತಿ ಮೊದಲು. ವಾಮನ ಪುರೋಹಿತರ ಜೊತೆ ಕೂತು ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ನಡುಮನೆಗೆ ಬಂದ. ನಾನು ಗೂಡಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಸುಗುಣ ಬೆಳಗಿನಿಂದ ಬಡಿಸುತ್ತಿದ್ದಳು. ಹೆಂಗಸರ ಎಲೆ ಇನ್ನೂ ಹಾಕಿರಲಿಲ್ಲ. ಎದುರು ಗುಡ್ಡಕ್ಕೆ ಆಗ ಇದ್ದಿದ್ದು ಮಧ್ಯಾಹ್ನದ ಒಂದೇ ಬಸ್ಸು, ಹಸುಗೂಸನ್ನು ಬೇರೆ ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಅಣ್ಣನ ಹತ್ತಿರ ಬಂದು ಮೆತ್ತಗೆ ಕೇಳಿದಳು.

"ಅಣ್ಣ, ದುರ್ಬೀನು ನಾನು ತಗೊಂಡು ಹೋಗಲಾ? ಅಪ್ಪ ನನಗೆ ಅಂದಿದ್ರಲ್ಲ."

ವಾಮನ ಗುಮಾಸ್ತನಾಗಿದ್ದ ಮುದ್ರಣಾಲಯ ತಿಂಗಳ ಹಿಂದೆ ಬಾಗಿಲು ಹಾಕಿತ್ತು. ಮುಂದೇನು ಎಂದು ತಲೆ ಕೆಡಿಸಿಕೊಂಡವನು, ರಾಜಾಸೀಟಿಗೆ ಬರುವ ಪ್ರವಾಸಿಗರಿಗೆ ನನ್ನನ್ನು ತೋರಿಸಿ ಹೊಟ್ಟೆ ಹೊರೆಯಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಇದನ್ನು ತಂಗಿಗೆ ಹೇಳಿದ್ದರೆ ಅವಳು ಮರುಮಾತಾಡದೆ ನನ್ನನ್ನು ಬಿಟ್ಟುಕೊಡುತ್ತಿದ್ದಳು. ಅದು ನನಗೆ ಗೊತ್ತು. ಆದರೆ ಕೆಲಸ ಹೋಯಿತೆಂದು ತಂಗಿಯ ಎದುರು ಬಾಯಿಬಿಡಲು ಅವನಿಗೆ ನಾಚಿಕೆ. ನಾಚಿಕೆ ಹೊರಗೆ ಬರುವಾಗ ಸಿಟ್ಟಾಗಿ ಬಂತು.

"ಅಪ್ಪನ ಚಿತೆ ಇನ್ನೂ ಆರಿಲ್ಲ, ಆಗಲೇ ಪಾಲು ಕೇಳೋದಕ್ಕೆ ಬಂದ್ಯಾ?" ಎಂದ. ನೆಂಟರೆಲ್ಲ ತಿರುಗಿ ನೋಡಿದರು.

ಸುಗುಣಳ ಮುಖ ಸಣ್ಣದಾಯಿತು. "ಬೇಡ ಬಿಡು ಅಣ್ಣ. ಬಸ್ಸಿಗೆ ಹೊತ್ತಾಯ್ತು" ಎಂದು ಒಳಗೆ ಹೋಗಿ ಚೀಲ ತಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಹೋಗ್ತೇನೆ" ಎಂದಳು. ಹೋದಳು.

ನಮ್ಮಲ್ಲಿ ಹೊರಡುವವರು ಬರಿದೇ "ಹೋಗ್ತೇನೆ" ಅನ್ನುವುದಿಲ್ಲ. ಪಕ್ಕದ ಮನೆಗೆ ಹೋಗುವವರೂ "ಬರ್ತೇನೆ" ಎಂದೇ ಹೊರಡುವುದು. ವಾಮನ ಬಾಗಿಲನ್ನೇ ನೋಡುತ್ತಾ ನಿಂತುಬಿಟ್ಟ. ಅವಳು ತಿರುಗಿ ಬಂದು ಆ ಇನ್ನೊಂದು ಮಾತನ್ನು ಹೇಳಬಹುದೆಂದು ಕಾದ. ಬಸ್ಸು ಹೋದ ಸದ್ದು ಕೇಳಿದ ಮೇಲೆ ಹೆಂಡತಿ ಜಲಜಳಿಗೆ, "ಕೇಳಿಸಿತಾ? ಬರ್ತೇನೆ ಅನ್ನಲಿಲ್ಲ ಅವಳು. ಹೋಗ್ತೇನೆ ಅಂದಳು. ತವರಿನ ಋಣ ಹರ್ಕೊಂಡಳು" ಎಂದ. ಜಲಜಮ್ಮ, "ಎಲ್ಲಿಯ ಮಾತು, ಬೇಜಾರಲ್ಲಿ ಏನೋ ಅಂದಿರ್ತಾರೆ" ಎಂದರೂ ಅವನ ಕಿವಿಗೆ ಬೀಳಲಿಲ್ಲ. ಆ ಒಂದು ಪದವನ್ನು ಅವನು ಗಂಟು ಹಾಕಿ ಇಟ್ಟುಕೊಂಡ, ಇಪ್ಪತ್ತೆರಡು ವರ್ಷ ಬಿಚ್ಚಲಿಲ್ಲ.

ಮರುವಾರದಿಂದಲೇ ನನಗೆ ಮೂರು ಕಾಲಿನ ಸ್ಟ್ಯಾಂಡು ಬಂತು. ನಾನೂ ವಾಮನನೂ ರಾಜಾಸೀಟಿನ ಬೇಲಿಯ ಪಕ್ಕ ಠಿಕಾಣಿ ಹೂಡಿದೆವು. ಕೆಲವೇ ವರ್ಷಗಳಲ್ಲಿ ಅವನು ದುರ್ಬೀನು ರಾಯರೆಂದು ಹೆಸರಾದ. ಹೆಸರು ನಂದು, ಮರ್ಯಾದೆ ಅವನಿಗೆ. ಬಂದವರು ಒಂದು ಕಣ್ಣು ಮುಚ್ಚಲು ಬಾರದೆ ಮುಖವನ್ನೆಲ್ಲ ಸೊಟ್ಟ ಮಾಡಿಕೊಂಡು ನನ್ನೊಳಗೆ ಇಣುಕುತ್ತಿದ್ದರು. ಆ ಕಡೆಯಿಂದ ನನಗೆ ಅವರ ಕಣ್ಣು ಕಾಣುತ್ತಿತ್ತು. ಮಧುಚಂದ್ರಕ್ಕೆ ಬಂದವರ ಕಣ್ಣು, ಪರೀಕ್ಷೆ ಮುಗಿಸಿ ಬಂದವರ ಕಣ್ಣು, ಡಾಕ್ಟರು ಹವಾ ಬದಲಾಯಿಸಿ ಅಂದದ್ದಕ್ಕೆ ಬಂದವರ ಕಣ್ಣು. ಎಲ್ಲರದೂ ಒಂದೇ ಪ್ರಶ್ನೆ, "ಇಲ್ಲಿ ಇನ್ನೇನು ನೋಡಬಹುದು?"

ಅದಕ್ಕೆ ವಾಮನನ ಬಳಿ ಹನ್ನೆರಡು ತಿಂಗಳಿಗೂ ಉತ್ತರ ಇತ್ತು. ಜನವರಿಯಲ್ಲಿ ಬಂದವರಿಗೆ, "ಬೇಗ ಏಳಿ, ಕೋಟೆಯ ಕಲ್ಲಾನೆಗಳ ಬೆನ್ನ ಮೇಲೆ ಇಬ್ಬನಿ ಆರೋದರೊಳಗೆ ಹೋಗಿ." ಮಾರ್ಚಿನಲ್ಲಿ ಬಂದವರಿಗೆ, "ಹೋದ ವಾರ ಒಂದು ಮಳೆ ಬಿದ್ದಿದೆ, ಇನ್ನು ಎರಡು ದಿನಕ್ಕೆ ಕಾಫಿ ಹೂ ಬಿಡ್ತದೆ. ಎಲ್ಲಿಗೂ ಹೋಗಬೇಡಿ, ಯಾವುದಾದರೂ ತೋಟದ ಪಕ್ಕ ಸುಮ್ಮನೆ ನಡೀರಿ, ಮೂಗಿದ್ದರೆ ಸಾಕು." ಮೇ ತಿಂಗಳ ಜಾತ್ರೆಯಂಥ ಗದ್ದಲದಲ್ಲಿ ಬಂದವರಿಗೆ, "ಎಲ್ಲರೂ ಅಬ್ಬಿ ಜಲಪಾತಕ್ಕೆ ಹೋಗ್ತಾರೆ, ಈಗ ಅಲ್ಲಿ ನೀರಿಗಿಂತ ಜನ ಜಾಸ್ತಿ. ನೀವು ರಾಜರ ಸಮಾಧಿ ಇರೋ ಗದ್ದುಗೆಗೆ ಹೋಗಿ ಕೂತ್ಕೊಳ್ಳಿ, ತಂಪಾಗಿರ್ತದೆ." ಮಳೆಗಾಲದಲ್ಲಿ ಅಪ್ಪಿತಪ್ಪಿ ಬಂದವರಿಗೆ, "ಈಗ ನೋಡಿ ಅಬ್ಬಿ! ಕಿವಿ ಕೇಳಿಸೋದಿಲ್ಲ. ಆಮೇಲೆ ಓಂಕಾರೇಶ್ವರನ ಕೆರೆಯ ಮೀನಿಗೆ ಪುರಿ ಹಾಕಿ." ಅಕ್ಟೋಬರಿನಲ್ಲಿ ತಲಕಾವೇರಿ, ದಸರೆಯ ಮಂಟಪಗಳು. ಡಿಸೆಂಬರಿನಲ್ಲಿ ಕಿತ್ತಳೆ. ಮುದ್ರಣಾಲಯದ ಮನುಷ್ಯ ನೋಡಿ, ಇದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಕೈಗೆ ಕೊಡುತ್ತಿದ್ದ. ಮೊದಲು ಎಲ್ಲಿಗೆ, ಆಮೇಲೆ ಎಲ್ಲಿಗೆ, ಯಾವ ಬಸ್ಸು, ಎಲ್ಲಿ ಕಾಫಿ ಚೆನ್ನಾಗಿರುತ್ತದೆ, ಎಲ್ಲಾ. ದೇಶದ ಜನರಿಗೆಲ್ಲ ಎಲ್ಲಿಗೆ ಹೋಗಬೇಕೆಂದು ಹೇಳಿದ ಪುಣ್ಯಾತ್ಮ, ತಾನು ಮಾತ್ರ ಒಂದು ಕಡೆಗೆ ಹೋಗಲಿಲ್ಲ.

ಹೋಗಲಿಲ್ಲ, ಆದರೆ ನೋಡುತ್ತಿದ್ದ. ದಿನಾ ಬೆಳಿಗ್ಗೆ ಎಂಟಕ್ಕೆ, ಪ್ರವಾಸಿಗರು ಬರುವ ಮುಂಚೆ, ನನ್ನನ್ನು ಎದುರು ಗುಡ್ಡಕ್ಕೆ ತಿರುಗಿಸುತ್ತಿದ್ದ. ಅದೇ ಹೊತ್ತಿಗೆ ಸುಗುಣ ಅಂಗಳಕ್ಕೆ ಬರುತ್ತಿದ್ದಳು. ಅಪ್ಪನ ಕಾಲದಲ್ಲಿ ಭಾನುವಾರಕ್ಕೆ ಇದ್ದಿದ್ದು ಈಗ ದಿನಾ ಆಗಿತ್ತು. ರಾಜಾಸೀಟಿನಲ್ಲಿ ಅಣ್ಣ ಠಿಕಾಣಿ ಹೂಡಿದ್ದು ಅವಳಿಗೆ ಯಾರಿಂದಲೋ ತಿಳಿದಿರಬೇಕು. ಈ ಕಡೆಗೇ ಮುಖ ಮಾಡಿ, ಕೈಯಲ್ಲಿ ಕೆಲಸವಿಲ್ಲದೆ, ಸುಮ್ಮನೆ ನಿಲ್ಲುತ್ತಿದ್ದಳು. ಅವಳು ಯಾಕೆ ನಿಂತಿದ್ದಾಳೆಂದು ನನಗೆ ಗೊತ್ತಿತ್ತು. ವಾಮನ, "ಬಿಸಿಲು ಕಾಯಿಸಿಕೊಳ್ತಾ ಇದ್ದಾಳೆ" ಎಂದು ಗೊಣಗುತ್ತಿದ್ದ. ಮೋಡ ಕವಿದ ದಿನವೂ ಅದನ್ನೇ ಅನ್ನುತ್ತಿದ್ದ. ಅವಳು ಒಳಗೆ ಹೋಗುವವರೆಗೂ ಕಣ್ಣು ತೆಗೆಯುತ್ತಿರಲಿಲ್ಲ. ಆಮೇಲೆ ಹಗುರಾಗಿ ಉಸಿರು ಬಿಟ್ಟು ನನ್ನನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದ.

ಆ ಹಗುರಾದ ಉಸಿರೇ ನನ್ನ ತಪ್ಪು. ನಾನು ಇಲ್ಲದೇ ಹೋಗಿದ್ದರೆ ತಂಗಿಯ ನೆನಪು ಅವನನ್ನು ಸುಡುತ್ತಿತ್ತು. ಒಂದು ತಿಂಗಳು, ಹೆಚ್ಚೆಂದರೆ ಒಂದು ವರ್ಷ ತಡೆದುಕೊಂಡು, ಏನಾದರಾಗಲಿ ಎಂದು ಚಪ್ಪಲಿ ಮೆಟ್ಟುತ್ತಿದ್ದ. ನಾನು ದಿನಾ ಬೆಳಿಗ್ಗೆ ಒಂದು ಗುಟುಕು ಕೊಟ್ಟು ಅವನ ಬಾಯಾರಿಕೆ ತಣಿಸಿದೆ. ದೂರವನ್ನು ಹತ್ತಿರ ತರುತ್ತೇನೆಂದು ಬೀಗುತ್ತಾ, ಹೋಗಬೇಕಾದ ಕಾಲನ್ನು ಕಟ್ಟಿಹಾಕಿದೆ. ಇದು ನನಗೆ ಆಗ ಹೊಳೆಯಲಿಲ್ಲ. ಆಗ ನಾನು ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಒಮ್ಮೆ ಶುಕ್ರವಾರದ ಸಂತೆಯಲ್ಲಿ ಅಣ್ಣ ತಂಗಿ ಎದುರಾದರಂತೆ. ವಾಮನ ಬಾಳೆಕಾಯಿ ಆರಿಸುವ ನೆಪ ಮಾಡಿ ಬೆನ್ನು ತಿರುಗಿಸಿದನಂತೆ. ಇದನ್ನು ನಾನು ಕಂಡಿಲ್ಲ, ಜಲಜಮ್ಮ ಮನೆಯಲ್ಲಿ ರೇಗುತ್ತಿದ್ದಾಗ ಕೇಳಿಸಿಕೊಂಡೆ. "ಬೇಡದ ಬಾಳೆಕಾಯಿ ಎರಡು ಡಜನು ತಂದಿದ್ದೀರಿ. ಒಂದು ಮಾತಾಡಿಸಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿದರು. "ಅವಳು ಮೊದಲು ಬರ್ತೇನೆ ಅನ್ನಲಿ" ಎಂದ ಇವನು. ಆ ವಾರವಿಡೀ ಮನೆಯಲ್ಲಿ ಬಾಳೆಕಾಯಿ ಪಲ್ಯ.

ಅಂದು ಹಸುಗೂಸಾಗಿದ್ದ ಸುಗುಣಳ ಮಗಳು ಮಾಲಿನಿ ಬೆಳೆದು ಮದುವೆಗೆ ಬಂದಳು. ಅಂಚೆಯಲ್ಲಿ ಲಗ್ನಪತ್ರಿಕೆ ಬಂತು. ಮೂಲೆಗೆ ಅರಿಶಿನ, ಒಳಗೆ ಸುಗುಣಳ ಕೈಬರಹದಲ್ಲಿ, "ಸೋದರಮಾವ ನೀನೇ ಬಂದು ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು, ಅಣ್ಣ." ಜಲಜಮ್ಮ ರೇಷ್ಮೆ ಸೀರೆ ಬಿಸಿಲಿಗೆ ಹಾಕಿದರು. ವಾಮನ ಪತ್ರಿಕೆಯನ್ನು ಎರಡು ಸಲ ಓದಿ, "ಕೈಯಾರೆ ಕೊಡೋದಕ್ಕೆ ಬರಲಿಲ್ಲ, ನೋಡು. ಹೊಸ್ತಿಲು ತುಳಿಯೋದಿಲ್ಲ ಅಂತ ಅವಳ ಹಟ" ಎಂದು ಅದನ್ನು ಮಡಚಿ ನನ್ನ ಪೆಟ್ಟಿಗೆಯೊಳಗೆ ಇಟ್ಟ. ಮದುವೆಯ ದಿನ ಜಲಜಮ್ಮ ಒಬ್ಬರೇ ಹೋದರು. ಇವನು ಎಂದಿನಂತೆ ರಾಜಾಸೀಟಿಗೆ ಬಂದ.

ಅವತ್ತು ಆಕಾಶ ಕನ್ನಡಿಯಂತೆ ತಿಳಿಯಾಗಿತ್ತು. ಎದುರು ಗುಡ್ಡದ ಅಂಗಳದಲ್ಲಿ ಹಸಿರು ಚಪ್ಪರ. ಜನ ಓಡಾಡುವುದು, ಬಾಣಸಿಗರ ಹೊಗೆ, ಓಲಗದವರ ಬಿಳಿ ಪೇಟ, ಎಲ್ಲ ನನಗೆ ಸ್ಪಷ್ಟ. ವಾಮನನ ಕಣ್ಣು ನನ್ನ ಗಾಜಿಗೆ ಅಂಟಿಕೊಂಡಿತ್ತು. ಹಿಂದೆ ಪ್ರವಾಸಿಗರ ಸಾಲು ಬೆಳೆಯುತ್ತಿತ್ತು. ಚಪ್ಪರದ ಬಾಗಿಲಲ್ಲಿ ಹಳದಿ ಸೀರೆಯ ಹುಡುಗಿಯ ಕೈ ಹಿಡಿದು ಯಾರೋ ಒಬ್ಬ ಗಂಡಸು ನಡೆಸಿಕೊಂಡು ಬಂದ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಪಕ್ಕದ ಮನೆಯವನೋ ಯಾರೋ. ಸುಗುಣ ಚಪ್ಪರದಿಂದ ಹೊರಗೆ ಬಂದು, ಮಗಳ ಮುಹೂರ್ತ ಬಿಟ್ಟು, ಒಂದು ಗಳಿಗೆ ಈ ಕಡೆ ನೋಡಿ ಒಳಗೆ ಹೋದಳು.

"ಏನ್ರೀ, ಅಷ್ಟು ಹೊತ್ತು ಏನು ನೋಡ್ತಾ ಇದ್ದೀರಿ?" ಎಂದು ಹಿಂದೆ ನಿಂತಿದ್ದ ಹೆಂಗಸು ಕೇಳಿದಳು.

"ಅಲ್ಲೊಂದು ಮದುವೆ ನಡೀತಾ ಇದೆ."

"ಹೌದಾ! ಯಾರದ್ದು?"

"ಗೊತ್ತಿಲ್ಲ" ಎಂದು ವಾಮನ ಪಕ್ಕಕ್ಕೆ ಸರಿದ. ಆ ಹೆಂಗಸು ನನ್ನೊಳಗೆ ಇಣುಕಿ, ಹುಡುಗಿ ಎಷ್ಟು ಚೆಂದ ಎಂದಳು. ನನ್ನ ಗಾಜು ಒದ್ದೆಯಾಗಿತ್ತು. ಅವಳು ಅದನ್ನು ಮಂಜಿನ ಹನಿ ಎಂದುಕೊಂಡು ಸೆರಗಿನಿಂದ ಒರೆಸಿದಳು.

ಇಷ್ಟು ವರ್ಷಗಳಲ್ಲಿ ಕಾಲವೂ ಬದಲಾಗಿತ್ತು. ಊರಿಗೆ ಹೊಸ ಹೊಸ ಹೋಟೆಲು ಬಂದವು, ಪ್ರವಾಸಿಗರ ಕೈಗೆ ಫೋನು ಬಂತು. ಅವರು ಬೆಟ್ಟಕ್ಕೆ ಬೆನ್ನು ಮಾಡಿ ತಮ್ಮ ಮುಖವನ್ನೇ ಫೋಟೊ ತೆಗೆದುಕೊಳ್ಳತೊಡಗಿದರು. ನನ್ನ ಮುಂದಿನ ಸಾಲು ಗಿಡ್ಡವಾಯಿತು. ವಾಮನನ ಕೂದಲು ನರೆಯಿತು. ಅಂಗಳದಲ್ಲಿ ನಿಲ್ಲುವವಳ ಕೂದಲೂ ನರೆಯಿತು. ಅವಳ ಗಂಡ ತೀರಿಕೊಂಡ ಸುದ್ದಿ ಬಂದಾಗ ವಾಮನ ಒಂದು ಸಾಂತ್ವನದ ಕಾಗದ ಬರೆದ, ಹರಿದ, ಮತ್ತೆ ಬರೆದ, ಕಳಿಸಲಿಲ್ಲ. ಆದರೆ ಬೆಳಗಿನ ಎಂಟು ಗಂಟೆಯನ್ನು ಅವನು ತಪ್ಪಿಸಿದವನಲ್ಲ. ಅವಳೂ ತಪ್ಪಿಸಿದವಳಲ್ಲ. ಮಳೆಗಾಲದ ಮೂರು ತಿಂಗಳು ಮಾತ್ರ ಬಿಡುವು. ಜೂನ್ ಬಂತೆಂದರೆ ಮಡಿಕೇರಿಯಲ್ಲಿ ಮಂಜು ಕೂತುಬಿಡುತ್ತದೆ. ರಾಜಾಸೀಟಿನ ಬೇಲಿಯಾಚೆ ಬರೀ ಬಿಳುಪು, ನಾನೂ ಒಂದೇ ಕುರುಡನೂ ಒಂದೇ. ವಾಮನ ನನ್ನನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಹಾಕುತ್ತಿದ್ದ. ನಾನು ಅಲ್ಲಿ ಸೆಪ್ಟೆಂಬರಿನವರೆಗೆ ಹಾಯಾಗಿ ನಿದ್ದೆ ಮಾಡುತ್ತಿದ್ದೆ.

ಕೊನೆಯ ಸಲ ಅವಳನ್ನು ನಾನು ಕಂಡಿದ್ದು ಒಂದು ಮೇ ತಿಂಗಳ ಕೊನೆಗೆ. ಅವಳು ಕೋಲೂರಿಕೊಂಡು ಬಂದಳು. ಬಾಗಿಲಿನಿಂದ ಅಂಗಳದ ನಡುವಿಗೆ ಬರಲು ಎರಡು ಕಡೆ ನಿಂತು ಸುಧಾರಿಸಿಕೊಂಡಳು. ವಾಮನ ನನ್ನ ಕೊಳವೆಯನ್ನು ಹಿಂದೆ ಮುಂದೆ ಎಳೆದ, ಗಾಜು ಒರೆಸಿದ, ಮತ್ತೆ ನೋಡಿದ. ಅವತ್ತು ಬಂದ ಪ್ರವಾಸಿಗರಿಗೆ ಒಂದು ಚೀಟಿಯನ್ನೂ ಬರೆಯದೆ ಮನೆಗೆ ಬಂದು ಜಲಜಮ್ಮನಿಗೆ ಹೇಳಿದ.

"ಅವಳು ಕೋಲು ಹಿಡಿದಿದ್ದಾಳೆ ಕಣೇ."

"ಹಾಗಾದರೆ ಇವತ್ತೇ ಹೊರಡಿ" ಎಂದರು ಜಲಜಮ್ಮ.

"ದುರ್ಬೀನು ತಗೊಂಡು ಹೋಗಿ ಕೊಟ್ಟುಬಿಡ್ತೇನೆ. ಅವಳದ್ದೇ ಅಲ್ವಾ ಅದು?"

"ಅದನ್ನೇ ನಾನು ಇಪ್ಪತ್ತು ವರ್ಷದಿಂದ ಹೇಳ್ತಾ ಇರೋದು. ಎದ್ದೇಳಿ, ಬಟ್ಟೆ ಹಾಕ್ಕೊಳ್ಳಿ."

ಅವನು ಎದ್ದ. ಅಂಗಿ ಹಾಕಿಕೊಂಡ. ಗುಂಡಿ ಹಾಕುತ್ತಾ ಹಾಕುತ್ತಾ ಅವನ ಮನಸ್ಸು ತಿರುಗಿದ್ದು ನನಗೆ ಕಂಡಿತು. "ಈ ಪ್ರಾಯದಲ್ಲಿ ಹೋಗಿ ಬಾಗಿಲಲ್ಲಿ ನಿಂತಾಗ ಅವಳು ಮುಖ ತಿರುಗಿಸಿದರೆ? ಋಣ ಹರ್ಕೊಂಡವಳು ಅವಳು" ಎಂದ. ಆಮೇಲೆ, "ಮಳೆ ಬೇರೆ ಹಿಡೀತಾ ಇದೆ. ಗೌರಿ ಹಬ್ಬಕ್ಕೆ ಹೋದರಾಯ್ತು, ತಂಗಿಗೆ ಬಾಗಿನ ಕೊಡೋ ಹಬ್ಬ, ಅದೇ ಸರಿಯಾದ ದಿನ" ಎಂದು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದ. ನನ್ನನ್ನು ಅಟ್ಟಕ್ಕೆ ಹಾಕಿದ. ಆ ಅಂಗಿಯನ್ನು ಅವನು ಬಿಚ್ಚದೇ ಇದ್ದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗ, ಧೋ ಎಂದು ಸುರಿಯುವ ಒಂದು ಬೆಳಿಗ್ಗೆ, ಎದುರು ಗುಡ್ಡದಿಂದ ಫೋನು ಬಂತು. ಕಫ ಕಟ್ಟಿ ಹತ್ತು ದಿನದಿಂದ ಮಲಗಿದ್ದ ಸುಗುಣ ಬೆಳಗಿನ ಜಾವ ತೀರಿಕೊಂಡಿದ್ದಳು. ವಾಮನ ಏಣಿ ಹಾಕಿ ಅಟ್ಟ ಹತ್ತಿ ನನ್ನ ಪೆಟ್ಟಿಗೆಯನ್ನು ಇಳಿಸಿ ಬಗಲಿಗೆ ಏರಿಸಿಕೊಂಡ. ಜಲಜಮ್ಮ, "ಈಗ ಅದು ಯಾಕೆ?" ಎನ್ನಲು ಹೊರಟವರು ಕೊಡೆ ತರಲು ಒಳಗೆ ಹೋದರು. ಪಕ್ಕದ ಮನೆಯವರ ಜೀಪಿನಲ್ಲಿ ಹೋದೆವು.

ಸಾವಿರಾರು ಸಲ ನೋಡಿದ ಅಂಗಳ, ಆ ದಿನ ಅದರಲ್ಲಿ ನಾನು ಮೊದಲ ಸಲ, ವಾಮನ ಇಪ್ಪತ್ತೆರಡು ವರ್ಷದ ಮೇಲೆ ಕಾಲಿಟ್ಟೆವು. ಕಿತ್ತಳೆ ಗಿಡ ನಾನು ತಿಳಿದಿದ್ದಕ್ಕಿಂತ ಎತ್ತರವಾಗಿತ್ತು. ವಾಮನ ಜಗಲಿಯ ಮೂಲೆಯಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಜನ ಬಂದರು, ಕೊಂಡೊಯ್ದರು, ಮಿಂದು ಬಂದರು. ಅವನು ಹೇಳಿದಂತೆ ಏಳುತ್ತಿದ್ದ, ಹೇಳಿದಂತೆ ಕೂರುತ್ತಿದ್ದ. ಮಧ್ಯಾಹ್ನ ತಿರುಗಿದ ಮೇಲೆ ಹೊರಡುವ ಹೊತ್ತಾಯಿತು. ಮಾಲಿನಿ ಬಾಗಿಲಿಗೆ ಬಂದಳು. ಹುಬ್ಬು, ಮೂಗು, ನಿಲ್ಲುವ ಬಗೆ, ಎಲ್ಲ ತಾಯಿಯದೇ. ತಾನು ಇಷ್ಟು ವರ್ಷ ಯಾವ ಮಾತಿಗಾಗಿ ಕಾದಿದ್ದನೋ ಅದನ್ನು ತಾನೇ ಮೊದಲು ಹೇಳಿಬಿಡಬೇಕು, ಈ ಮಗುವಿಗಾದರೂ ಹೇಳಬೇಕು ಎಂದು ವಾಮನನಿಗೆ ಅನಿಸಿರಬೇಕು.

"ಬರ್ತೇನಮ್ಮ" ಎಂದ.

"ಅಯ್ಯಯ್ಯೋ, ಹಾಗೆ ಅನ್ನಬೇಡಿ ರಾಯರೇ!" ಎಂದು ಒಳಗಿನಿಂದ ಸುಗುಣಳ ಓರಗಿತ್ತಿ ಓಡಿಬಂದರು. "ಸಾವಿನ ಮನೆಯಿಂದ ಹೊರಡುವಾಗ ಯಾರಾದರೂ ಬರ್ತೇನೆ ಅಂತಾರಾ? ಹದಿಮೂರರ ಸಿಹಿ ಬಾಯಿಗೆ ಬೀಳೋ ತನಕ ಹೋಗ್ತೇನೆ ಅಂತಲೇ ಹೇಳಬೇಕು. ಮನೆಯವರಿಗೆ ಒಳ್ಳೆಯದಲ್ಲ. ಈ ವಿಷಯದಲ್ಲಿ ನಿಮ್ಮ ತಂಗಿ ಎಷ್ಟು ಕಟ್ಟುನಿಟ್ಟು ಗೊತ್ತಾ? ನಮಗೆಲ್ಲ ಅವರೇ ಹೇಳಿಕೊಡ್ತಾ ಇದ್ದರು."

ಇದು ವಾಮನನಿಗೂ ಗೊತ್ತಿದ್ದ ಸಂಗತಿಯೇ. ಮಡಿಕೇರಿಯಲ್ಲಿ ಎಷ್ಟೋ ಸಾವಿನ ಮನೆಗಳಿಂದ ಅವನೂ ಹಾಗೆಯೇ ಹೊರಟಿದ್ದ. ಆದರೆ ಅಪ್ಪನ ಹದಿಮೂರನೆಯ ದಿನ ಅವನು ಮೊದಲ ಪಂಕ್ತಿಯಲ್ಲಿ ಹೋಳಿಗೆ ಉಂಡಿದ್ದ. ಅವನ ಪಾಲಿಗೆ ಸೂತಕ ಕಳೆದಿತ್ತು, ಮನೆ ಶುಭವಾಗಿತ್ತು. ತಂ​ಗಿ ಉಂಡಳೇ ಎಂದು ಅವನು ನೋಡಿರಲಿಲ್ಲ. ಅಂಥ ದಿನಗಳಲ್ಲಿ ಹೆಂಗಸರು ಉಂಡರೇ ಎಂದು ನೋಡುವ ಅಭ್ಯಾಸ ಗಂಡಸರಿಗೆ ಎಲ್ಲಿರುತ್ತದೆ? ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಅವಳು ಉಂಡಿರಲಿಲ್ಲ" ಎಂದ.

"ಏನು ಮಾವ?" ಎಂದಳು ಮಾಲಿನಿ.

"ಅವತ್ತು ನಿನ್ನ ಅಮ್ಮ ಉಂಡಿರಲಿಲ್ಲ ಮಗು. ನಮಗೆಲ್ಲ ಬಡಿಸ್ತಾನೇ ಇದ್ದಳು. ಹಸಿದುಕೊಂಡೇ ಬಸ್ಸು ಹತ್ತಿದಳು. ನಮ್ಮ ಮನೆಗೆ ಕೆಟ್ಟದಾಗಬಾರದು ಅಂತ ಹಾಗೆ ಹೇಳಿ ಹೋದಳು. ನಾನು..." ಅವನು ಜಗಲಿಯ ಮೇಲೆ ಕುಸಿದು, ಚಿಕ್ಕ ಮಕ್ಕಳ ಹಾಗೆ ದನಿ ತೆಗೆದು ಅತ್ತ. ಅವನ ಅಳುವಿನ ಅದುರು ಪೆಟ್ಟಿಗೆಯ ಹಲಗೆ ದಾಟಿ ನನ್ನ ಗಾಜಿಗೂ ಬಂತು.

ಮಾಲಿನಿ ಅವನ ಪಕ್ಕದಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅಮ್ಮನಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ ಮಾವ. ಅಣ್ಣ ದಿನಾ ನೋಡ್ತಾನೆ ಅಂತ ಎಂಟು ಗಂಟೆಗೆ ಅಂಗಳದಲ್ಲಿ ನಿಲ್ತಾ ಇದ್ದರು. ಮಳೆಗಾಲದಲ್ಲೂ ಕೊಡೆ ಹಿಡ್ಕೊಂಡು ನಿಲ್ತಾ ಇದ್ದರು. ಈ ಸಲ ಕಫ ಆಗಿದ್ದೂ ಹಾಗೇನೆ. ಈ ಮಂಜಲ್ಲಿ ಏನು ಕಾಣ್ತದೆ, ಒಳಗೆ ಬಾ ಅಂತ ನಾನು ಕೂಗ್ತಾ ಇದ್ದೆ. 'ನಮ್ಮ ಕಣ್ಣಿಗೆ ಕಾಣೋದಿಲ್ಲ ಕಣೇ, ದುರ್ಬೀನಿಗೆ ಕಾಣ್ತದೆ' ಅಂತಿದ್ದರು."

ನನಗೆ ಕಾಣುವುದಿಲ್ಲ. ಮಂಜಿನಲ್ಲಿ ನನಗೆ ಏನೂ ಕಾಣುವುದಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಂಬಿದ್ದಳೋ. ಇಪ್ಪತ್ತೆರಡು ಮಳೆಗಾಲ ಅವಳು ಆ ಬಿಳುಪಿನೊಳಗೆ ನಿಂತಿದ್ದಳು, ನಾನು ಅಟ್ಟದ ಮೇಲೆ ಎಣ್ಣೆ ಬಟ್ಟೆ ಹೊದ್ದು ಮಲಗಿದ್ದೆ. ಆ ಮಾತು ಕೇಳಿದ ಕ್ಷಣದಲ್ಲಿ ನನ್ನ ಜಂಬ ಪೂರ್ತಿ ಇಳಿಯಿತು. ನನ್ನನ್ನು ಉಜ್ಜಿ ಉಜ್ಜಿ ಮಾಡಿದ ಆ ಮುದುಕ ಇನ್ನೂ ಒಂದಿಷ್ಟು ಉಜ್ಜಿದ್ದರೆ, ಮಂಜು ತೂರಿ ನೋಡುವಷ್ಟು ಉಜ್ಜಿದ್ದರೆ ಎಂದು ಹಾರೈಸಿದೆ. ಅದು ಗಾಜಿನಿಂದ ಆಗುವ ಕೆಲಸ ಅಲ್ಲ ಎಂಬುದೂ ನನಗೆ ಗೊತ್ತಿತ್ತು.

ವಾಮನ ಪೆಟ್ಟಿಗೆಯನ್ನು ಮಾಲಿನಿಯ ಕೈಗಿಟ್ಟ. "ಇದು ನಿನ್ನ ಅಮ್ಮನದು" ಎಂದ.

"ಈಗ ಯಾಕೆ ಮಾವ?" ಎಂದಳು ಅವಳು. ಆದರೂ ತೆಗೆದುಕೊಂಡಳು. ಅವನು ಮೆಟ್ಟಿಲಿಳಿದು, "ಹೋಗ್ತೇನೆ" ಎಂದು ಸರಿಯಾಗಿ ಹೇಳಿ ಜೀಪು ಹತ್ತಿದ. ಹದಿಮೂರನೆಯ ದಿನ ಮತ್ತೆ ಬಂದ. ಹೆಂಗಸರೆಲ್ಲ ಉಂಡು ಏಳುವ ತನಕ ತಾನು ಎಲೆಯ ಮುಂದೆ ಕೂರಲಿಲ್ಲ.

ಇದಾಗಿ ಈಗ ಹನ್ನೆರಡು ವರ್ಷ. ಮಾಲಿನಿ ತಾಯಿಯ ಮನೆಯನ್ನು ಹೋಂಸ್ಟೇ ಮಾಡಿದ್ದಾಳೆ. ಊರೂರಿನಿಂದ ಜನ ಬಂದು ಇಳಿದುಕೊಳ್ಳುತ್ತಾರೆ, ಈ ತಿಂಗಳಲ್ಲಿ ಎಲ್ಲಿಗೆ ಹೋದರೆ ಚೆಂದ ಎಂದು ಕೇಳುತ್ತಾರೆ. ನಾನು ಜಗಲಿಯ ಕಿಟಕಿಯಲ್ಲಿದ್ದೇನೆ. ಇಲ್ಲಿನ ತೇವಕ್ಕೆ ನನ್ನ ಗಾಜಿನೊಳಗೆ ಬೂಷ್ಟು ಹಬ್ಬಿದೆ. ಯಾರಾದರೂ ಕುತೂಹಲಕ್ಕೆ ಎತ್ತಿ ನೋಡಿದರೆ ಬಿಸಿಲಿನ ದಿನವೂ ಬಿಳುಪಾಗಿಯೇ ಕಾಣುತ್ತದೆ. ಇದು ಕೆಟ್ಟುಹೋಗಿದೆ ಎಂದು ಕೆಳಗಿಡುತ್ತಾರೆ. ರಿಪೇರಿ ಮಾಡಿಸಿ ಎಂದು ಕೆಲವರು ಹೇಳುವುದುಂಟು. ಮಾಲಿನಿ ತಲೆಯಾಡಿಸುತ್ತಾಳೆ, ಮಾಡಿಸುವುದಿಲ್ಲ. ನನಗೂ ಬೇಡ. ನನ್ನಿಂದ ನೋಡಿ ತೃಪ್ತಿಪಟ್ಟುಕೊಂಡು ಮನೆಯಲ್ಲೇ ಉಳಿಯುವವರು ಇನ್ನೊಬ್ಬರು ಹುಟ್ಟುವುದು ಬೇಡ.

ವಾಮನ ಪ್ರತಿ ಭಾನುವಾರ ಬರುತ್ತಾನೆ. ಎಪ್ಪತ್ತೈದು ದಾಟಿದೆ, ಮೊಣಕಾಲು ಬಗ್ಗುವುದಿಲ್ಲ, ಆದರೂ ಒಂದು ವಾರವೂ ತಪ್ಪಿಸುವುದಿಲ್ಲ. ಬಸ್ಸು ಇಳಿದು ಅಂಗಳಕ್ಕೆ ಬಂದು, ಜಗಲಿಯ ಕಟ್ಟೆಯ ಮೇಲೆ ಕೂತು, ಮೊದಲು ಕೈಗಡಿಯಾರ ನೋಡಿಕೊಳ್ಳುತ್ತಾನೆ. ಮಾಲಿನಿ ಕಾಫಿ ತಂದು ಪಕ್ಕದಲ್ಲಿಡುತ್ತಾಳೆ.

"ಮಡಿಕೇರಿಯಿಂದ ಇಲ್ಲಿಗೆ ಇವತ್ತು ಮೂವತ್ತೆಂಟು ನಿಮಿಷ ಹಿಡೀತು" ಎನ್ನುತ್ತಾನೆ ಅವನು. "ಹೋದ ವಾರ ದಾರಿ ಖಾಲಿ ಇತ್ತು, ಮೂವತ್ತೈದೇ."

ಮೊದಮೊದಲು ಅವಳು, "ಹೌದಾ ಮಾವ" ಅನ್ನುತ್ತಿದ್ದಳು. ಈಗ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಒಳಗೆ ಹೋಗುತ್ತಾಳೆ.